ರಾಜಕುಮಾರಿ ಇಟ್ಟ ಹೆಸರು

ಬೈಬಲಿನ ವಿಮೋಚನಕಾಂಡದ ಎರಡನೆಯ ಅಧ್ಯಾಯದಲ್ಲಿ ಒಂದು ನಾಮಕರಣದ ಪ್ರಸಂಗವಿದೆ. ಹೀಬ್ರೂ ಜನರಿಗೆ ಹುಟ್ಟುವ ಗಂಡುಕೂಸುಗಳನ್ನೆಲ್ಲ ನೈಲ್ ನದಿಗೆ ಹಾಕಬೇಕೆಂದು ಫರೋಹ ಅಪ್ಪಣೆ ಮಾಡಿದ್ದಾನೆ. ಲೇವಿ ಕುಲದ ತಾಯಿಯೊಬ್ಬಳು ಮೂರು ತಿಂಗಳು ಮಗುವನ್ನು ಬಚ್ಚಿಡುತ್ತಾಳೆ. ಇನ್ನು ಆಗದು ಎನಿಸಿದಾಗ ಜಂಬುಹುಲ್ಲಿನ ಪೆಟ್ಟಿಗೆಗೆ ರಾಳ ಬಳಿದು, ಕೂಸನ್ನು ಅದರಲ್ಲಿ ಮಲಗಿಸಿ, ನದಿಯಂಚಿನ ಹುಲ್ಲಿನ ನಡುವೆ ಇಟ್ಟು ಬರುತ್ತಾಳೆ. ಸ್ನಾನಕ್ಕೆ ಬಂದ ಫರೋಹನ ಮಗಳ ಕಣ್ಣಿಗೆ ಪೆಟ್ಟಿಗೆ ಬೀಳುತ್ತದೆ. ಕೂಸಿನ ಅಕ್ಕನ ಜಾಣತನದಿಂದ ಹೆತ್ತ ತಾಯಿಯೇ ಸಂಬಳಕ್ಕೆ ಹಾಲೂಡುವ ದಾದಿಯಾಗುತ್ತಾಳೆ. ಮಗು ದೊಡ್ಡದಾದ ಮೇಲೆ ಅವಳು ಅದನ್ನು ರಾಜಕುಮಾರಿಗೆ ಒಪ್ಪಿಸುತ್ತಾಳೆ, ಅದು ರಾಜಕುಮಾರಿಯ ಮಗನಾಗುತ್ತದೆ. ಅವನನ್ನು ನೀರಿನಿಂದ ಎಳೆದು ತೆಗೆದದ್ದಕ್ಕಾಗಿ ರಾಜಕುಮಾರಿ ಅವನಿಗೆ ಮೋಶೆ ಎಂದು ಹೆಸರಿಡುತ್ತಾಳೆ. ಹೀಬ್ರೂವಿನಲ್ಲಿ 'ಮಾಷಾ' ಎಂಬ ಧಾತುವಿಗೆ ಎಳೆ, ಸೆಳೆದು ಹೊರಗೆ ತೆಗೆ ಎಂಬ ಅರ್ಥವಿದೆ. ಕಥೆ ಹೇಳಿದವರಿಗೆ ಇಲ್ಲಿಗೆ ಹೆಸರಿನ ವಿವರಣೆ ಮುಗಿಯಿತು. ಓದುವವರಿಗೆ ಮಾತ್ರ ತೊಡಕು ಇಲ್ಲಿಂದಲೇ ಶುರುವಾಗುತ್ತದೆ. ಹೀಬ್ರೂ ಜನರನ್ನು ಜೀತಕ್ಕೆ ಹಾಕಿಕೊಂಡಿದ್ದ ಅರಸನ ಮಗಳು ತನ್ನ ಸಾಕುಮಗನಿಗೆ ಆ ಜೀತದವರ ಭಾಷೆಯಲ್ಲಿ ಯಾಕೆ ಹೆಸರಿಟ್ಟಳು? ಆ ಭಾಷೆಯ ಧಾತುವನ್ನು ಹಿಡಿದು ಶ್ಲೇಷೆ ಮಾಡುವಷ್ಟು ಅದು ಅವಳಿಗೆ ಬರುತ್ತಿತ್ತೇ?

ಇದು ಆಧುನಿಕ ವಿದ್ವಾಂಸರು ಹೊಸದಾಗಿ ಎತ್ತಿದ ತಕರಾರಲ್ಲ. ಸ್ಪೇನಿನಲ್ಲಿ ಹುಟ್ಟಿದ, 12ನೆಯ ಶತಮಾನದ ಯೆಹೂದಿ ವ್ಯಾಖ್ಯಾನಕಾರ ಅಬ್ರಹಾಂ ಇಬ್ನ್ ಎಜ್ರಾ ಈ ವಾಕ್ಯದ ಬಳಿ ನಿಂತು ಯೋಚಿಸಿದ್ದಾನೆ. ಮಗುವಿಗೆ ರಾಜಕುಮಾರಿ ಇಟ್ಟ ಈಜಿಪ್ಟಿನ ಹೆಸರು ಬೇರೆಯೇ ಇತ್ತು, ಮೋಶೆ ಎಂಬುದು ಅದರ ಹೀಬ್ರೂ ಅನುವಾದ ಎಂಬುದು ಅವನು ಕೊಟ್ಟ ಒಂದು ಉತ್ತರ. ಅವಳು ಹೀಬ್ರೂ ಕಲಿತಿದ್ದಿರಬಹುದು ಎಂಬುದು ಇನ್ನೊಂದು. ಹೆಸರಿಟ್ಟವಳು ದಾದಿಯಾಗಿ ಬಂದ ಹೆತ್ತ ತಾಯಿಯೇ ಎಂದು ವಾಕ್ಯವನ್ನು ಬೇರೆ ರೀತಿ ಓದಿದವರೂ ಆ ಪರಂಪರೆಯಲ್ಲಿದ್ದಾರೆ. ತೊಡಕು ಅಷ್ಟಕ್ಕೇ ನಿಲ್ಲುವುದಿಲ್ಲ, ವ್ಯಾಕರಣದ್ದೂ ಒಂದಿದೆ. ನೀರಿನಿಂದ ಎಳೆಯಲ್ಪಟ್ಟವನು ಎಂದು ಹೇಳಬೇಕಾದರೆ ಹೀಬ್ರೂವಿನಲ್ಲಿ 'ಮಾಶೂಯ್' ಎಂಬ ಕರ್ಮಣಿ ರೂಪ ಬರಬೇಕು. ಮೋಶೆ ಕರ್ತರಿ ರೂಪ. ಅದರ ಅರ್ಥ ಎಳೆಯುವವನು, ಹೊರತೆಗೆಯುವವನು. ಕಥೆಯಲ್ಲಿ ಎಳೆದವಳು ರಾಜಕುಮಾರಿ, ಹೆಸರು ಮಾತ್ರ ಎಳೆಸಿಕೊಂಡ ಕೂಸಿಗೆ. ಹೆಸರಿಗೂ ವಿವರಣೆಗೂ ನಡುವೆ ಹೀಗೆ ಸಣ್ಣದೊಂದು ಸಂದು ಉಳಿದಿದೆ. ಆ ಸಂದಿನಲ್ಲಿ ಕಣ್ಣಿಟ್ಟು ನೋಡಿದರೆ ಎರಡು ಬೇರೆ ಬೇರೆ ಪ್ರಶ್ನೆಗಳು ಕಾಣುತ್ತವೆ. ಹೆಸರು ಹುಟ್ಟಿದ್ದು ಎಲ್ಲಿ ಎಂಬುದು ಒಂದು. ಅದನ್ನು ಹೊತ್ತು ತಂದ ಜನ ಅದರಲ್ಲಿ ಏನನ್ನು ಕೇಳಿಸಿಕೊಂಡರು ಎಂಬುದು ಇನ್ನೊಂದು. ಈ ಹೆಸರಿನ ಬಗ್ಗೆ ಎರಡು ಸಾವಿರ ವರ್ಷ ನಡೆದ ವಾದದಲ್ಲಿ ಹೆಚ್ಚಿನ ಗೊಂದಲ ಹುಟ್ಟಿದ್ದು ಈ ಎರಡನ್ನು ಒಂದೇ ಪ್ರಶ್ನೆಯೆಂದು ತಿಳಿದದ್ದರಿಂದ.

ಹೆಸರು ಈಜಿಪ್ಟಿನದು ಎಂಬ ಅರಿವು ಹಳಬರಿಗೂ ಇತ್ತು. ಆದರೆ ಅವರು ಅದನ್ನು ನೀರಿನ ಕಥೆಯೊಳಗೇ ಹೊಂದಿಸಲು ನೋಡಿದರು. ಅಲೆಕ್ಸಾಂಡ್ರಿಯದ ಫಿಲೋ, ಈಜಿಪ್ಟಿನವರು ನೀರಿಗೆ 'ಮೋಉ' ಎನ್ನುತ್ತಾರೆ, ಹೆಸರು ಅದರಿಂದ ಬಂತು ಎಂದು ಬರೆದ. ಕ್ರಿ.ಶ. ಮೊದಲನೆಯ ಶತಮಾನದ ಇತಿಹಾಸಕಾರ ಜೋಸೆಫಸ್ ಒಂದು ಹೆಜ್ಜೆ ಮುಂದೆ ಹೋಗಿ, ಅದು ನೀರು ಮತ್ತು ಪಾರಾದವರು ಎಂಬ ಅರ್ಥದ ಎರಡು ಪದಗಳ ಸಮಾಸ ಎಂದು ಬಿಡಿಸಿದ. ಹೀಬ್ರೂ ಬೈಬಲನ್ನು ಗ್ರೀಕಿಗೆ ತಂದವರು 'ಮೋಸೇಸ್' ಎಂದು ಬರೆಯದೆ 'ಮೋಉಸೇಸ್' ಎಂದು ಬರೆದದ್ದರ ಹಿಂದೆ ಇದೇ ನೀರಿನ ನೆನಪು ಇದ್ದಿರಬಹುದು. ಈಜಿಪ್ಟಿನ ಕಡೆಯ ಕಾಲದ ಭಾಷೆಯಾದ ಕಾಪ್ಟಿಕ್‌ನಲ್ಲಿ ನೀರಿಗೆ ಆ ಪದ ನಿಜಕ್ಕೂ ಇದೆ. ಮುಂದೆ ಅರಬ್ಬಿ ವ್ಯಾಖ್ಯಾನಕಾರರು 'ಮೂ' ಎಂದರೆ ನೀರು, 'ಶಾ' ಎಂದರೆ ಮರ, ನೀರು ಮತ್ತು ಮರಗಳ ನಡುವೆ ಸಿಕ್ಕಿದ್ದರಿಂದ ಮೂಸಾ ಎಂದರು. ಈ ಎಲ್ಲ ವಿವರಣೆಗಳೂ ಫಲಿತಾಂಶವನ್ನು ಮೊದಲೇ ಗೊತ್ತುಮಾಡಿಕೊಂಡು ಹೊರಟವು. ಕಥೆಯಲ್ಲಿ ನದಿ ಇದೆ, ಆದ್ದರಿಂದ ಹೆಸರಿನಲ್ಲೂ ನದಿ ಇರಲೇಬೇಕು ಎಂಬುದು ಅವುಗಳ ನಂಬಿಕೆ. ಈಜಿಪ್ಟಿನ ಹಳೆಯ ಬರಹವನ್ನು ಓದಲು ಇವರಲ್ಲಿ ಯಾರಿಗೂ ಬರುತ್ತಿರಲಿಲ್ಲವಾದ್ದರಿಂದ ಅವರನ್ನು ದೂರುವಂತಿಲ್ಲ.

ಆ ಬರಹ ಮತ್ತೆ ಮಾತಾಡಿದ್ದು 1822ರ ಸೆಪ್ಟೆಂಬರಿನಲ್ಲಿ. ಸೋಜಿಗವೆಂದರೆ, ಅದರ ಬೀಗ ತೆಗೆದ ಚಿಹ್ನೆಗಳಲ್ಲಿ ಮುಖ್ಯವಾದ ಒಂದು ಮೋಶೆಯ ಹೆಸರಿನೊಳಗೇ ಇರುವಂಥದು. ಫ್ರಾನ್ಸಿನ ಶಾಂಪೋಲಿಯೋನ್ ಕೈಗೆ ಅಬು ಸಿಂಬೆಲ್ ದೇವಾಲಯದ ಗೋಡೆಯ ಶಾಸನಗಳ ಪ್ರತಿಗಳು ಬಂದಿದ್ದವು. ರಾಜರ ಹೆಸರನ್ನು ಸುತ್ತುವರಿಯುವ ಅಂಡಾಕಾರದ ಗೆರೆಯೊಳಗೆ ಮೊದಲು ಸೂರ್ಯನ ದುಂಡು ಬಿಂಬ, ಆಮೇಲೆ ಮೂರು ನರಿತೊಗಲುಗಳನ್ನು ಒಟ್ಟಿಗೆ ಕಟ್ಟಿದಂತೆ ಕಾಣುವ ಒಂದು ಚಿಹ್ನೆ, ಕೊನೆಗೆ ಎರಡು ಬಾರಿ 'ಸ' ಇತ್ತು. ಸೂರ್ಯನಿಗೆ ಕಾಪ್ಟಿಕ್‌ನಲ್ಲಿ 'ರೇ' ಎನ್ನುತ್ತಾರೆಂಬುದು ಅವನಿಗೆ ಗೊತ್ತಿತ್ತು. ಗ್ರೀಕ್ ಗ್ರಂಥಗಳಲ್ಲಿ ಓದಿದ್ದ ರಾಮ್ಸೆಸ್ ಎಂಬ ಅರಸನ ಹೆಸರು ಹೊಳೆಯಿತು. ಇನ್ನೊಂದು ಹೆಸರಿನಲ್ಲಿ ಸೂರ್ಯನ ಜಾಗದಲ್ಲಿ ಥೋತ್ ದೇವರ ಕೊಕ್ಕರೆಯಂಥ ಪಕ್ಷಿ, ಅದರ ಪಕ್ಕ ಅದೇ ನರಿತೊಗಲಿನ ಚಿಹ್ನೆ ಇತ್ತು, ಅದು ಥುಟ್ಮೋಸ್. ಮಧ್ಯದ ಆ ಚಿಹ್ನೆಗೆ 'ಮಸ್' ಎಂಬ ಧ್ವನಿಯಿದೆ, ಹೆರು, ಹುಟ್ಟು ಎಂಬ ಅರ್ಥವಿದೆ. ಕಾಪ್ಟಿಕ್‌ನಲ್ಲಿ ಅದೇ ಧಾತು 'ಮಿಸೆ' ಎಂದು ಉಳಿದುಕೊಂಡಿದೆ. ಥುಟ್ಮೋಸ್ ಎಂದರೆ ಥೋತ್ ಹುಟ್ಟಿದ, ಅಹ್ಮೋಸ್ ಎಂದರೆ ಚಂದ್ರ ಹುಟ್ಟಿದ, ರಾಮ್ಸೆಸ್ ಎಂದರೆ ಅವನನ್ನು ಹೆತ್ತವನು ರಾ. ಕ್ರಿ.ಪೂ. 16ರಿಂದ 11ನೆಯ ಶತಮಾನದವರೆಗಿನ ಈಜಿಪ್ಟಿನಲ್ಲಿ ಅರಸರಿಂದ ಹಿಡಿದು ಗುಮಾಸ್ತರವರೆಗೆ ಈ ಮಾದರಿಯ ಹೆಸರುಗಳು ತುಂಬಿಕೊಂಡಿವೆ. ಮೋಶೆ ಎಂಬುದು ಈ ಹೆಸರುಗಳ ಉತ್ತರಾರ್ಧ ಎಂಬ ವಿಚಾರ ಹೀಗೆ ಬೇರೂರಿತು. ಅದರಲ್ಲಿ ನೀರಿನ ಸುಳಿವೇ ಇಲ್ಲ. ಇರುವುದು ಹುಟ್ಟು ಅಥವಾ ಮಗು.

ಇದಕ್ಕೆ ಮೊದಲು ಬರುವ ಆಕ್ಷೇಪ ಸರಳವಾದದ್ದು. ಥುಟ್ಮೋಸ್‌ನಲ್ಲಿ ಥೋತ್ ಇದ್ದಾನೆ, ರಾಮ್ಸೆಸ್‌ನಲ್ಲಿ ರಾ ಇದ್ದಾನೆ, ಮೋಶೆಯಲ್ಲಿ ದೇವರೆಲ್ಲಿ? ಅನ್ಯದೇವರ ಹೆಸರನ್ನು ಇಸ್ರಾಯೇಲರು ಬೇಕೆಂದೇ ಕತ್ತರಿಸಿ ಎಸೆದರು ಎಂದು ಕೆಲವರು ಉತ್ತರ ಹೇಳುತ್ತಾರೆ. ನನಗೆ ಆ ಊಹೆ ಅನಾವಶ್ಯಕ ಎನಿಸುತ್ತದೆ. ದೇವದತ್ತ, ವಿಷ್ಣುದತ್ತ, ಗುರುದತ್ತ ಎಂಬ ಹೆಸರುಗಳಿರುವ ನಾಡಿನಲ್ಲಿ ಬರಿಯ ದತ್ತ ಎಂಬ ಹೆಸರೂ ಇರುತ್ತದೆ. ಕೊಟ್ಟವರು ಯಾರೆಂದು ಹೇಳದಿದ್ದರೂ ಅದು ಪೂರ್ಣ ಹೆಸರೇ. ಈಜಿಪ್ಟಿನಲ್ಲೂ ಹಾಗೆಯೇ ನಡೆಯುತ್ತಿತ್ತು ಎನ್ನುವುದಕ್ಕೆ ಊಹೆ ಬೇಕಿಲ್ಲ, ದಾಖಲೆಯೇ ಇದೆ. ಸಕ್ಕಾರದಲ್ಲಿ ಒಂದು ಸಮಾಧಿಯ ಗೋಡೆಯ ಮೇಲೆ ಎರಡನೆಯ ರಾಮ್ಸೆಸ್ ಕಾಲದ ಒಂದು ಜಮೀನು ವ್ಯಾಜ್ಯ ಪೂರಾ ಕೆತ್ತಲ್ಪಟ್ಟಿದೆ. ಅದನ್ನು 1905ರಲ್ಲಿ ಅಲನ್ ಗಾರ್ಡಿನರ್ ಪ್ರಕಟಿಸಿದರು. ಫಿರ್ಯಾದಿಯ ಹೆಸರು ಮೋಸ್. ಮೆಸ್ ಎಂದೂ ಓದುತ್ತಾರೆ. ಅವನು ಪ್ತಾಹ್ ದೇವರ ಖಜಾನೆಯ ಗುಮಾಸ್ತ. ಅವನ ಪೂರ್ವಜ ನೇಶಿ ಎಂಬವನಿಗೆ ಅರಸ ಅಹ್ಮೋಸ್ ಜಮೀನನ್ನು ಬಹುಮಾನವಾಗಿ ಕೊಟ್ಟಿದ್ದ. ತಲೆಮಾರುಗಳ ಮೇಲೆ ಪಾಲಿನ ಜಗಳವಾಯಿತು. ಮೋಸ್‌ನ ತಾಯಿ ವಿಧವೆ ನುಬ್‌ನೊಫ್ರೆತ್ ತನ್ನ ಹೊಲವನ್ನು ಉಳುವುದಕ್ಕೇ ಎದುರಾಳಿ ಬಿಡಲಿಲ್ಲ. ಅವಳು ಕೋರ್ಟಿಗೆ ಹೋಗಿ, ರಾಜಧಾನಿಯ ಕಂದಾಯ ದಫ್ತರುಗಳನ್ನು ತರಿಸಿ ನೋಡಿದರೆ ಅವಳ ಗಂಡನ ಕುಲದ ಹೆಸರೇ ಅಲ್ಲಿಲ್ಲ. ದಾಖಲೆ ತಿದ್ದಲಾಗಿತ್ತು ಎಂಬುದು ಮಗನ ದೂರು. ಅವನು ಊರಿನ ಸಾಕ್ಷಿಗಳನ್ನು ಕರೆತಂದು, ತನ್ನ ತಂದೆ ನೇಶಿಯ ವಂಶದವನೇ, ಆ ಹೊಲವನ್ನು ಉತ್ತವನೇ ಎಂದು ಒಬ್ಬೊಬ್ಬರಿಂದಲೂ ಆಣೆ ಹಾಕಿಸಿ ಹೇಳಿಸಿದ. ತೀರ್ಪಿನ ಭಾಗ ಮುರಿದುಹೋಗಿದೆ. ಸೋತ ದಾವೆಯನ್ನು ಯಾರೂ ತಮ್ಮ ಸಮಾಧಿಯ ಮೇಲೆ ಕೆತ್ತಿಸಿಕೊಳ್ಳುವುದಿಲ್ಲವಾದ್ದರಿಂದ ಅವನು ಗೆದ್ದಿರಬೇಕು. ಈ ಮೋಸ್‌ಗೂ ಬೈಬಲಿನ ಮೋಶೆಗೂ ಸಂಬಂಧವಿಲ್ಲ. ಆದರೆ ಅವನ ದಾವೆಯ ಒಂದು ತುದಿಯಲ್ಲಿ ಅಹ್ಮೋಸ್ ಎಂಬ ಅರಸ, ಇನ್ನೊಂದು ತುದಿಯಲ್ಲಿ ಬರಿಯ ಮೋಸ್ ಎಂಬ ಗುಮಾಸ್ತ ಇದ್ದಾರೆ. ಉದ್ದದ ಹೆಸರೂ ಗಿಡ್ಡ ಹೆಸರೂ ಒಂದೇ ಕಲ್ಲಿನ ಮೇಲಿವೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಸಾಲ್ಟ್ 124 ಎಂಬ ಪ್ಯಾಪಿರಸ್‌ನಲ್ಲಿ ವಜೀರನನ್ನೇ ಕೆಲಸದಿಂದ ತೆಗೆಯಬಲ್ಲ ಒಬ್ಬ ಮೋಸ್ ಬರುತ್ತಾನೆ. ಅವನು ಅರಸ ಅಮೆನ್‌ಮೆಸ್ ಇರಬೇಕೆಂದು ಹಲವು ವಿದ್ವಾಂಸರು ಹೇಳುತ್ತಾರೆ. ಹಾಗಿದ್ದರೆ ದೇವರ ಭಾಗ ಬಿಟ್ಟು ಕರೆಯುವ ರೂಢಿ ಅರಸರವರೆಗೂ ಇತ್ತು.

ಎರಡನೆಯ ಆಕ್ಷೇಪ ಇದಕ್ಕಿಂತ ಬಿಗಿಯಾದದ್ದು, ಅದನ್ನು ಎತ್ತಿದವರೂ ಸಾಮಾನ್ಯರಲ್ಲ. ಕೆನೆತ್ ಕಿಚನ್‌ರಂಥ ಈಜಿಪ್ಟ್ ತಜ್ಞರೇ ಈ ಕಾರಣಕ್ಕೆ ಹೆಸರಿನ ಈಜಿಪ್ಟ್ ಮೂಲವನ್ನು ಒಪ್ಪಲಿಲ್ಲ. ಹೀಬ್ರೂವಿನಲ್ಲಿ 'ಸ' ಧ್ವನಿಗೆ ಸಾಮೆಖ್ ಎಂಬ ಅಕ್ಷರವಿದೆ, 'ಶ' ಧ್ವನಿಗೆ ಶಿನ್ ಇದೆ. ಈಜಿಪ್ಟಿನ 'ಸ' ಹೀಬ್ರೂವಿಗೆ ಬಂದಾಗ ಸಾಮೆಖ್ ಆಗುವುದು ವಾಡಿಕೆ. ವಿಮೋಚನಕಾಂಡದ ಮೊದಲನೆಯ ಅಧ್ಯಾಯದಲ್ಲೇ ಜೀತದವರು ಕಟ್ಟಿದ ರಾಮ್ಸೇಸ್ ಪಟ್ಟಣದ ಹೆಸರು ಬರುತ್ತದೆ, ಅಲ್ಲಿ ಎರಡೂ ಸಾಮೆಖ್. ಅದೇ ಧಾತುವಿನ ಮೋಶೆಯಲ್ಲಿ ಮಾತ್ರ ಶಿನ್ ಯಾಕೆ? ಇಂಗ್ಲಿಷಿನ ಮೋಸೆಸ್ ಎಂಬ ರೂಪ ನೋಡಿ, ಸಕಾರ ಸರಿಯಾಗಿಯೇ ಇದೆಯಲ್ಲ ಎನ್ನುವವರುಂಟು. ಆ ಸಕಾರಕ್ಕೂ ಈಜಿಪ್ಟಿಗೂ ಸಂಬಂಧವಿಲ್ಲ. ಗ್ರೀಕಿನಲ್ಲಿ ಶಕಾರವಿಲ್ಲದ್ದರಿಂದ ನಡುವಿನದು ಬಂತು, ಕೊನೆಯದು ಗ್ರೀಕಿನ ಪ್ರಥಮಾ ವಿಭಕ್ತಿಯ ಪ್ರತ್ಯಯ. ಸರಿಯಾದ ಉತ್ತರ ಬೇರೆಡೆ ಇದೆ. ಎರಡನೆಯ ರಾಮ್ಸೆಸ್ ಹಿಟ್ಟೈಟ್ ಅರಸರೊಂದಿಗೆ ನಡೆಸಿದ ಪತ್ರವ್ಯವಹಾರ ಬೆಣೆಲಿಪಿಯ ಜೇಡಿಮಣ್ಣಿನ ಹಲಗೆಗಳಲ್ಲಿ ಸಿಕ್ಕಿದೆ. ಅದರಲ್ಲಿ ಅವನ ಹೆಸರು 'ರಿಅಮಶೇಶ' ಎಂದಿದೆ. ಎಂದರೆ ಕ್ರಿ.ಪೂ. 13ನೆಯ ಶತಮಾನದಲ್ಲಿ ಈಜಿಪ್ಟಿನ ಆ ಸಕಾರವನ್ನು ಕೇಳಿದ ಪಶ್ಚಿಮ ಏಷ್ಯದವರು ಅದನ್ನು ತಮ್ಮ ಶಕಾರದ ಚಿಹ್ನೆಗಳಿಂದ ಬರೆಯುತ್ತಿದ್ದರು. ಸಾಮೆಖ್ ವಾಡಿಕೆಯಾದದ್ದು ಮುಂದೆ, ಎರಡೂ ಕಡೆಯ ಉಚ್ಚಾರ ಬದಲಾದ ಮೇಲೆ. ಪಟ್ಟಣದ ಹೆಸರು ತಡವಾಗಿ ಬಂದಿರಬಹುದು, ಇಲ್ಲವೇ ಹೊಸ ವಾಡಿಕೆಗೆ ತಕ್ಕಂತೆ ತಿದ್ದಿಸಿಕೊಂಡಿರಬಹುದು. ಮನೆಮನೆಯಲ್ಲಿ ಬಾಯಿಂದ ಬಾಯಿಗೆ ದಾಟಿದ ವ್ಯಕ್ತಿನಾಮ ಹಳೆಯ ಶಕಾರವನ್ನೇ ಉಳಿಸಿಕೊಂಡಿತು, ಅದೂ 'ಮಾಷಾ' ಎಂಬ ಹೀಬ್ರೂ ಧಾತು ಪಕ್ಕದಲ್ಲೇ ಇದ್ದಾಗ. ಗ್ವಿನ್ ಗ್ರಿಫಿತ್ಸ್ 1953ರಲ್ಲಿ ಬರೆದ ಲೇಖನದಲ್ಲಿ ಈ ಊಷ್ಮಾಕ್ಷರಗಳ ತೊಡಕನ್ನು ಬಿಡಿಬಿಡಿಯಾಗಿ ತೂಗಿ ನೋಡಿ, ಅದು ಈಜಿಪ್ಟ್ ಮೂಲವನ್ನು ತಳ್ಳಿಹಾಕುವಷ್ಟು ಭಾರದ್ದಲ್ಲ ಎಂದರು. ನಾನು ಇನ್ನೂ ಮುಂದೆ ಹೋಗಿ ಹೇಳುತ್ತೇನೆ: ಆಕ್ಷೇಪವೆಂದು ತಂದ ಈ ಶಿನ್, ಹೆಸರು ತೀರ ಹಳೆಯದೆಂಬುದಕ್ಕೆ ಸಾಕ್ಷಿಯಾಗುತ್ತದೆ.

ಒಂಟಿ ಹೆಸರಾಗಿದ್ದರೆ ಇಷ್ಟನ್ನೂ ಕಾಕತಾಳೀಯ ಎನ್ನಬಹುದಿತ್ತು. ಆದರೆ ಮೋಶೆಯ ಕುಲದವರನ್ನೇ ನೋಡಬೇಕು. ಅವನ ಅಣ್ಣ ಆರೋನನ ಮೊಮ್ಮಗ ಫೀನೆಹಾಸ. ಅದು 'ಪಾ-ನೆಹೆಸಿ', ದಕ್ಷಿಣದ ನೂಬಿಯದವನು ಎಂಬ ಅರ್ಥದ ಈಜಿಪ್ಟ್ ಹೆಸರು. 20ನೆಯ ರಾಜವಂಶದ ಕೊನೆಯಲ್ಲಿ ನೂಬಿಯವನ್ನು ಆಳಿದ ರಾಜಪ್ರತಿನಿಧಿಯೊಬ್ಬನ ಹೆಸರೂ ಅದೇ. ಶೀಲೋವಿನ ಯಾಜಕ ಏಲಿಯ ಮಕ್ಕಳಲ್ಲಿ ಒಬ್ಬ ಮತ್ತೆ ಫೀನೆಹಾಸ, ಇನ್ನೊಬ್ಬ ಹೊಫ್ನಿ, ಅದೂ ಈಜಿಪ್ಟಿನದೇ. ಲೇವಿಯ ಮಗ ಮೆರಾರಿಯ ಹೆಸರಿನಲ್ಲಿ ಪ್ರೀತಿಪಾತ್ರ ಎಂಬ ಅರ್ಥದ ಈಜಿಪ್ಟ್ ಧಾತು ಇದೆಯೆಂದು ಹಲವರ ಮತ. ಇಸ್ರಾಯೇಲಿನ ಹನ್ನೆರಡು ಕುಲಗಳಲ್ಲಿ ಇಂಥ ಹೆಸರುಗಳು ಹರಡಿಕೊಂಡಿಲ್ಲ, ಲೇವಿಯರಲ್ಲೇ ಗುಂಪುಗೂಡಿವೆ. ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯಲ್ಲಿ ತೂಕದ ಪುರಾವೆ ಇದು. ಇದರ ಜೊತೆಗೆ ಕೆಲವರು ಪೆಟ್ಟಿಗೆಯ ಕಥೆಯ ಪದಗಳನ್ನೂ ಸೇರಿಸುತ್ತಾರೆ. ನದಿಗೆ ಬಳಸಿದ 'ಯೆಓರ್', ಹುಲ್ಲಿಗೆ ಬಳಸಿದ 'ಸೂಫ್', ಪೆಟ್ಟಿಗೆಗೆ ಬಳಸಿದ 'ತೇವಾ' ಇವುಗಳ ಬೇರು ಈಜಿಪ್ಟಿನಲ್ಲಿದೆ ಎನ್ನುತ್ತಾರೆ. ನಾನು ಇವಕ್ಕೆ ಅಷ್ಟು ಬೆಲೆ ಕೊಡುವುದಿಲ್ಲ. ಅವು ಆಗಲೇ ಹೀಬ್ರೂವಿನ ಸಾಮಾನ್ಯ ಪದಗಳಾಗಿದ್ದವು, ನೋಹನ ಕಥೆಯ ನಾವೆಯೂ 'ತೇವಾ'ವೇ. ನೈಲ್ ನದಿಯ ಬಗ್ಗೆ ಯಾವ ಕಾಲದಲ್ಲಿ ಕೂತು ಬರೆದರೂ ಆ ಪದಗಳನ್ನೇ ಬಳಸಬೇಕಿತ್ತು.

ಕಥೆಗೆ ಈಜಿಪ್ಟಿನ ಬಣ್ಣ ಕಟ್ಟಲು ನಂತರದ ಬರಹಗಾರನೊಬ್ಬ ಹೆಸರನ್ನು ಹುಡುಕಿ ತಂದಿರಬಾರದೇಕೆ ಎಂದು ಕೇಳಬಹುದು. ಹಾಗೆ ಬಣ್ಣ ಕಟ್ಟುವ ಬರಹ ಹೇಗಿರುತ್ತದೆಂಬುದು ಆದಿಕಾಂಡದ ಯೋಸೇಫನ ಕಥೆಯಲ್ಲಿ ಕಾಣುತ್ತದೆ. ಅಲ್ಲಿ ಫರೋಹ ಯೋಸೇಫನಿಗೆ ಸಾಫ್ನತ್ಪನ್ನೇಹ ಎಂಬ ದೊಡ್ಡ ಹೆಸರು ಕೊಡುತ್ತಾನೆ, ಹೆಂಡತಿಯ ಹೆಸರು, ಮಾವನ ಹೆಸರು, ಅವನ ಪಟ್ಟಣದ ಹೆಸರು ಎಲ್ಲವೂ ಬರುತ್ತವೆ. ಹೆಸರು ಅನ್ಯದೇಶದ್ದೆಂದು ಓದುಗನಿಗೆ ಗೊತ್ತಾಗಲೇಬೇಕೆಂಬ ಆಸೆ ಅಲ್ಲಿದೆ. ವಿಮೋಚನಕಾಂಡದಲ್ಲಿ ಫರೋಹನಿಗೂ ಹೆಸರಿಲ್ಲ, ಅವನ ಮಗಳಿಗೂ ಇಲ್ಲ. ಮೋಶೆಯ ಹೆಸರು ಈಜಿಪ್ಟಿನದು ಎಂದು ಹೇಳುವ ಗೋಜಿಗೇ ಕಥೆಗಾರ ಹೋಗುವುದಿಲ್ಲ. ಬದಲಿಗೆ ಅದಕ್ಕೆ ಹೀಬ್ರೂ ಅರ್ಥ ಹುಡುಕುತ್ತಾನೆ. ಹೆಸರು ಅವನ ಕೈಗೆ ಬರುವ ಹೊತ್ತಿಗೆ ಬದಲಾಯಿಸಲಾಗದಷ್ಟು ಗಟ್ಟಿಯಾಗಿ ನಿಂತಿತ್ತು ಎಂಬುದೇ ಇದರಿಂದ ಹೊರಡುವ ತೀರ್ಮಾನ.

ಆದರೆ ಹೆಸರು ಈಜಿಪ್ಟಿನದಾದರೆ ಮನುಷ್ಯನೂ ಈಜಿಪ್ಟಿನವನೇ ಆಗಬೇಕೇ? ಸಿಗ್ಮಂಡ್ ಫ್ರಾಯ್ಡ್ ಹಾಗೆ ವಾದಿಸಿದರು. 1937ರಲ್ಲಿ ಲೇಖನಗಳಾಗಿ, 1939ರಲ್ಲಿ ಪುಸ್ತಕವಾಗಿ ಬಂದ ಮೋಶೆಯ ಕುರಿತ ತಮ್ಮ ಬರಹದಲ್ಲಿ ಅವರು ಅಮೆರಿಕದ ಈಜಿಪ್ಟ್ ತಜ್ಞ ಬ್ರೆಸ್ಟೆಡ್ ಹೆಸರಿನ ಬಗ್ಗೆ ಹೇಳಿದ್ದನ್ನು ಎತ್ತಿಕೊಂಡರು. ಹೆಸರು ಈಜಿಪ್ಟಿನದೆಂದು ಒಪ್ಪಿದ ಇಷ್ಟು ಜನರಲ್ಲಿ ಒಬ್ಬರೂ ಮನುಷ್ಯನೂ ಈಜಿಪ್ಟಿನವನೆಂದು ಹೇಳಲಿಲ್ಲವಲ್ಲ ಎಂದು ಅಚ್ಚರಿಪಟ್ಟು, ಅವನನ್ನು ಫರೋಹ ಅಖೆನಾತೆನ್‌ನ ಏಕದೇವಾರಾಧನೆಯ ಅನುಯಾಯಿಯನ್ನಾಗಿ ಮಾಡಿದರು. ಆ ಜನ ಹೇಳದೆ ಉಳಿದದ್ದಕ್ಕೆ ಕಾರಣವಿತ್ತು. ಪರರಾಜ್ಯದಲ್ಲಿ ಬಾಳಿದ ಯೆಹೂದಿಗಳ ಹೆಸರುಗಳನ್ನೇ ನೋಡಿ. ಸೆರೆಯಿಂದ ಮರಳಿದವರನ್ನು ಮುನ್ನಡೆಸಿದ, ದಾವೀದನ ವಂಶದ ಜೆರುಬ್ಬಾಬೆಲನ ಹೆಸರಿಗೆ ಬಾಬೆಲಿನ ಬೀಜ ಎಂಬ ಅರ್ಥವಿದೆ. ಮೊರ್ದೆಕೈಯ ಹೆಸರಿನಲ್ಲಿ ಮರ್ದುಕ್ ದೇವರೇ ಕೂತಿದ್ದಾನೆ. ಅವರನ್ನು ಬಾಬೆಲಿನವರೆಂದು ಯಾರೂ ಕರೆಯಲಿಲ್ಲ. ಈಜಿಪ್ಟಿನದೇ ಸಾಕ್ಷ್ಯವೂ ಇದೆ. ಬ್ರೂಕ್ಲಿನ್ ಮ್ಯೂಸಿಯಂನಲ್ಲಿರುವ ಒಂದು ಪ್ಯಾಪಿರಸ್‌ನಲ್ಲಿ ಕ್ರಿ.ಪೂ. 18ನೆಯ ಶತಮಾನದ ಸುಮಾರಿನ ಒಂದು ಮನೆತನದ ಆಳುಗಳ ಪಟ್ಟಿ ಇದೆ. ಅದರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಏಷ್ಯದ ಕಡೆಯವರೆಂದು ಬರೆದಿದೆ. ಅವರಲ್ಲಿ ಹಲವರಿಗೆ ತಾವು ತಂದ ಸೆಮಿಟಿಕ್ ಹೆಸರೊಂದು, ಮನೆಯವರು ಇಟ್ಟ ಈಜಿಪ್ಟಿನ ಹೆಸರೊಂದು. ಹೆರಿಗೆ ಮಾಡಿಸುತ್ತಿದ್ದ ಶಿಪ್ರಾಳ ಹೆಸರನ್ನು ವಿಮೋಚನಕಾಂಡದಲ್ಲಿ ಓದಿದವರಿಗೆ, ಆ ಪಟ್ಟಿಯಲ್ಲಿ ಅದನ್ನೇ ಹೋಲುವ ಹೆಸರು ಕಂಡರೆ ಕಣ್ಣು ನಿಲ್ಲುತ್ತದೆ. ಆಳುಗಳಿಗೆ ಒಡೆಯರ ಭಾಷೆಯ ಹೆಸರು ಅಂಟುವುದು ಅಲ್ಲಿ ದಿನದ ಮಾತಾಗಿತ್ತು. ಹೆಸರಿನಿಂದ ಅದನ್ನಿಟ್ಟವರ ನೆಲೆಯನ್ನು ಹೇಳಬಹುದೇ ಹೊರತು ಹೊತ್ತವನ ರಕ್ತವನ್ನಲ್ಲ. ಬೈಬಲಿನ ಕಥೆಯೂ ಒಪ್ಪುವುದು ಇದನ್ನೇ: ಮಗು ಲೇವಿಯರದು, ಹೆಸರು ಅರಮನೆಯದು.

ಇನ್ನೊಂದು ಕಡೆಯಿಂದ ಹೆಸರನ್ನು ಅತಿಯಾಗಿ ದುಡಿಸಿಕೊಳ್ಳುವವರೂ ಇದ್ದಾರೆ. ಹೆಸರು ನಿಜವಾದ್ದರಿಂದ ಪೆಟ್ಟಿಗೆಯ ಕಥೆಯೂ ಹಾಗೇ ನಡೆದದ್ದು ಎನ್ನುತ್ತಾರೆ ಅವರು. ಅಷ್ಟು ದೂರ ಹೋಗಲು ಪುರಾವೆ ಬಿಡುವುದಿಲ್ಲ. ಅಕ್ಕಾಡಿನ ಅರಸ ಸಾರ್ಗೋನನ ಬಗ್ಗೆ ಅಸ್ಸೀರಿಯದ ಕಾಲದ ಹಲಗೆಗಳಲ್ಲಿ ಒಂದು ಕಥೆ ಸಿಕ್ಕಿದೆ. ಪೂಜಾರಿಣಿಯಾದ ತಾಯಿ ಗುಟ್ಟಾಗಿ ಹೆತ್ತು, ಜೊಂಡಿನ ಬುಟ್ಟಿಗೆ ರಾಳ ಬಳಿದು ಕೂಸನ್ನು ನದಿಗೆ ಬಿಡುತ್ತಾಳೆ. ನೀರು ಸೇದುವ ಅಕ್ಕಿ ಎಂಬವನು ಅದನ್ನು ಎತ್ತಿ ಸಾಕುತ್ತಾನೆ. ಕುಂತಿ ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಟ್ಟ, ಸೂತನ ಮನೆ ಸೇರಿದ ಕರ್ಣನನ್ನು ಕನ್ನಡದ ಓದುಗರಿಗೆ ಬೇರೆ ನೆನಪಿಸಬೇಕಾಗಿಲ್ಲ. ದೊಡ್ಡವನಾಗಲಿರುವ ಕೂಸು ನೀರಿನ ಮೇಲೆ ತೇಲಿ ಬರುವ ಕಥೆ ಹಲವು ನಾಡುಗಳದು. ಅದು ಮೋಶೆಯ ಹೆಸರಿಗೆ ಬಂದು ಕೂಡಿಕೊಂಡಿರಬಹುದು, ಹೆಸರಿನ ಹೀಬ್ರೂ ಧ್ವನಿಯೇ ಅದನ್ನು ಕರೆದಿರಲೂಬಹುದು. ಕಥೆಯನ್ನು ಕಟ್ಟಿದ ಮೇಲೆ ಹೆಸರಿಟ್ಟರೋ ಹೆಸರಿನಿಂದ ಕಥೆ ಬೆಳೆಯಿತೋ ಎಂದರೆ, ಎರಡನೆಯದೇ ಹೆಚ್ಚು ಸಂಭವನೀಯ ಎಂದು ನನಗೆ ತೋರುತ್ತದೆ, ಯಾಕೆಂದರೆ ಎರಡರಲ್ಲಿ ಹಳೆಯದು ಹೆಸರು.

ಹಾಗಾದರೆ ಹೀಬ್ರೂ ವಿವರಣೆ ಬರಿಯ ತಪ್ಪು ವ್ಯುತ್ಪತ್ತಿಯೇ? ಹಾಗೆಂದು ತಳ್ಳಿಹಾಕುವುದು ಆ ಬರಹದ ಜಾತಿಯನ್ನೇ ಅರಿಯದ ಮಾತು. ಯಾಸ್ಕನ ನಿರುಕ್ತದಲ್ಲಿ ಇಂದ್ರ ಎಂಬ ಒಂದು ಪದಕ್ಕೆ ಹಲವು ವ್ಯುತ್ಪತ್ತಿಗಳಿವೆ. ಎಲ್ಲವೂ ಐತಿಹಾಸಿಕವಾಗಿ ನಿಜವಾಗಿರಲು ಸಾಧ್ಯವಿಲ್ಲವೆಂಬುದು ಯಾಸ್ಕನಿಗೆ ತಿಳಿಯದ ವಿಷಯವಲ್ಲ. ಹೆಸರಿನೊಳಗೆ ಹೊತ್ತವನ ಕೆಲಸ ಕೇಳಿಸಬೇಕು ಎಂಬುದು ಅಂಥ ವಿವರಣೆಯ ಉದ್ದೇಶ. ಬೈಬಲಿನಲ್ಲಿ ಹೆಸರುಗಳ ವಿವರಣೆಗಳೆಲ್ಲ ಹೆಚ್ಚುಕಡಿಮೆ ಈ ಜಾತಿಯವೇ. ಅಕ್ಕಾಡಿಯನ್‌ನಲ್ಲಿ ದೇವರ ಬಾಗಿಲು ಎಂಬ ಅರ್ಥವಿದ್ದ ಬಾಬೆಲಿಗೆ ಹೀಬ್ರೂವಿನಲ್ಲಿ ಗಲಿಬಿಲಿ ಎಂಬ ಅರ್ಥ ಬರುತ್ತದೆ. ಸಮುವೇಲನ ಹೆಸರಿಗೆ ಅವನ ತಾಯಿ ಕೊಡುವ ವಿವರಣೆ, ಬೇಡಿ ಪಡೆದವನು ಎಂಬುದು, ಧ್ವನಿಯಲ್ಲಿ ಸೌಲನ ಹೆಸರಿಗೇ ಚೆನ್ನಾಗಿ ಒಪ್ಪುತ್ತದೆ. ಮೋಶೆಯ ಹೆಸರಿನಲ್ಲಿ ಈ ಕಲೆ ಇನ್ನೂ ಆಳಕ್ಕೆ ಇಳಿದಿದೆ. 'ಮಾಷಾ' ಎಂಬ ಧಾತು ಇಡೀ ಹೀಬ್ರೂ ಬೈಬಲಿನಲ್ಲಿ ಈ ವಾಕ್ಯ ಬಿಟ್ಟರೆ ಒಂದೇ ಒಂದು ಹಾಡಿನಲ್ಲಿ ಬರುತ್ತದೆ. ಅದು ಹದಿನೆಂಟನೆಯ ಕೀರ್ತನೆ. ಅದೇ ಹಾಡು ಸಮುವೇಲನ ಎರಡನೆಯ ಪುಸ್ತಕದಲ್ಲೂ ಇದೆ. ಅಲ್ಲಿ ದೇವರು ದಾವೀದನನ್ನು ಮಹಾ ಜಲರಾಶಿಯಿಂದ ಸೆಳೆದುಕೊಳ್ಳುತ್ತಾನೆ. ಇಷ್ಟು ಅಪರೂಪದ ಧಾತುವನ್ನು ಕಥೆಗಾರ ಹುಡುಕಿ ತಂದದ್ದು ಹೆಸರಿಗಾಗಿಯೇ. ಇನ್ನು ಕರ್ತರಿ ರೂಪದ ತೊಡಕು. ಎಳೆಸಿಕೊಂಡ ಕೂಸಿಗೆ ಎಳೆಯುವವನು ಎಂಬ ಹೆಸರು ತಪ್ಪೆಂದು ತೋರುವುದು ಎರಡನೆಯ ಅಧ್ಯಾಯದಲ್ಲಿ ನಿಂತಾಗ ಮಾತ್ರ. ಹದಿನಾಲ್ಕನೆಯ ಅಧ್ಯಾಯದಲ್ಲಿ ಅವನೇ ಇಡೀ ಜನಾಂಗವನ್ನು ಸಮುದ್ರದ ನಡುವಿನಿಂದ ಆಚೆಗೆ ಕರೆದೊಯ್ಯುತ್ತಾನೆ. ಯೆಶಾಯನ ಗ್ರಂಥದ ಅರವತ್ತಮೂರನೆಯ ಅಧ್ಯಾಯದಲ್ಲಿ ಹಳೆಯ ದಿನಗಳನ್ನು ನೆನೆಯುವಾಗ ಅವನ ಹೆಸರೂ ಜನರನ್ನು ಸಮುದ್ರದಿಂದ ಮೇಲೆ ತಂದ ಮಾತೂ ಒಂದೇ ಉಸಿರಿನಲ್ಲಿ ಬರುತ್ತವೆ. ಹೀಬ್ರೂವಿನಲ್ಲಿ ಅಲ್ಲಿಯ ಮೋಶೆ ಎಂಬ ಪದವನ್ನು ತನ್ನ ಜನರನ್ನು ಸೆಳೆದು ತೆಗೆದವನು ಎಂದೂ ಓದಬಹುದು. ತನಗೆ ಅರಿವಿಲ್ಲದೆಯೇ ರಾಜಕುಮಾರಿ ಮುಂದಾಗುವುದನ್ನು ನುಡಿದಳು. ದಬ್ಬಾಳಿಕೆಯ ಅರಮನೆಯಲ್ಲೇ ಬಿಡುಗಡೆಯ ಮಾತು ಹೊರಟಿತು. ಇದು ಕಥೆಗಾರನ ಕಾಣ್ಕೆ. ಇದನ್ನು ಭಾಷಾಶಾಸ್ತ್ರದ ತಪ್ಪೆಂದು ತಿದ್ದಲು ಹೊರಟರೆ ನಾವೇ ಕಳೆದುಕೊಳ್ಳುತ್ತೇವೆ.

ಇನ್ನೂ ಒಂದು ಸೂಕ್ಷ್ಮವಿದೆ. ಅವನು ಅವಳಿಗೆ ಮಗನಾದನು ಎಂಬ ಮಾತು ಬಂದ ಕೂಡಲೇ, ಅದೇ ವಾಕ್ಯದಲ್ಲಿ, ಅವಳು ಅವನಿಗೆ ಮೋಶೆ ಎಂದು ಹೆಸರಿಟ್ಟಳು ಎಂದು ಬರುತ್ತದೆ. ಈಜಿಪ್ಟಿನ ಭಾಷೆಯಲ್ಲಿ 'ಮಸ್' ಎಂದರೆ ಮಗು. ಕಥೆಗಾರನಿಗೆ ಎರಡೂ ಭಾಷೆ ಗೊತ್ತಿದ್ದು, ಮೊದಲು ಈಜಿಪ್ಟಿನ ಅರ್ಥವನ್ನೂ ಆಮೇಲೆ ಹೀಬ್ರೂ ಅರ್ಥವನ್ನೂ ಒಂದರ ಪಕ್ಕ ಒಂದಿಟ್ಟ ಎಂದು ಕೆಲವು ವಿದ್ವಾಂಸರು ಓದುತ್ತಾರೆ. ಒಪ್ಪುವಂಥ ಓದು ಅದು, ಆದರೆ ಕಡ್ಡಾಯವಲ್ಲ; ದತ್ತು ಮಗುವಿನ ಕಥೆಯಲ್ಲಿ ಮಗನಾದನು ಎಂಬ ಮಾತು ಹೇಗೂ ಬರಲೇಬೇಕಿತ್ತು. ಕಥೆಗಾರನಿಗೆ ಈಜಿಪ್ಟಿನ ಅರ್ಥ ಗೊತ್ತಿತ್ತು ಎಂದು ಒಪ್ಪಿದರೂ ಹೆಸರು ಅವನಿಗಿಂತ ಹಳೆಯದು ಎಂಬ ಮಾತಿಗೆ ಧಕ್ಕೆಯಿಲ್ಲ.

ಹೆಸರಿನ ಮುಂದಿನ ಬಾಳು ಇನ್ನೊಂದು ಬಗೆಯಲ್ಲಿ ವಿಶೇಷವಾದದ್ದು. ಇಡೀ ಹೀಬ್ರೂ ಬೈಬಲಿನಲ್ಲಿ ಮೋಶೆ ಎಂಬ ಇನ್ನೊಬ್ಬ ಮನುಷ್ಯನಿಲ್ಲ. ಆ ಹೆಸರಿನ ಮರ್ಯಾದೆಗೆ ಲಿಪಿಕಾರರು ಎಷ್ಟು ಹೆದರುತ್ತಿದ್ದರೆಂಬುದು ನ್ಯಾಯಸ್ಥಾಪಕರು ಪುಸ್ತಕದ 18:30ರಲ್ಲಿ ಕಣ್ಣಿಗೇ ಕಾಣುತ್ತದೆ. ಅಲ್ಲಿ ವಿಗ್ರಹದ ಪೂಜಾರಿಯಾದ ಯೋನಾತಾನನು ಗೇರ್ಷೋಮನ ಮಗ,  ಮೋಶೆಯ ಮೊಮ್ಮಗ. ಲಿಪಿಕಾರರು ಮೋಶೆಯ ಹೆಸರಿನೊಳಗೆ ಒಂದು ನಕಾರವನ್ನು ಸೇರಿಸಿ ಮನಸ್ಸೆ ಎಂದು ಓದುವಂತೆ ಮಾಡಿದರು. ಆದರೆ ಆ ನಕಾರವನ್ನು ಸಾಲಿಗಿಂತ ಮೇಲಕ್ಕೆ ತೂಗಿಬಿಟ್ಟರು, ಸೇರಿಸಿದ್ದೆಂದು ತಿಳಿಯಲಿ ಎಂದು. ಇಂದಿನ ಹೀಬ್ರೂ ಮುದ್ರಣಗಳಲ್ಲೂ ಅದು ಮೇಲೆಯೇ ಇದೆ. ತಾಲ್ಮುದಿನ ಕಾಲದ ಗುರುಗಳಲ್ಲೂ ಈ ಹೆಸರು ಕಾಣುವುದೇ ಇಲ್ಲವೆನ್ನಬಹುದು. ಮಕ್ಕಳಿಗೆ ಧಾರಾಳವಾಗಿ ಇಡಲು ಶುರುವಾದದ್ದು ಮಧ್ಯಯುಗದಲ್ಲಿ. 1204ರಲ್ಲಿ ಈಜಿಪ್ಟಿನಲ್ಲೇ ತೀರಿಕೊಂಡ ತತ್ವಜ್ಞಾನಿ ಮೋಶೆ ಬೆನ್ ಮೈಮೋನ್ ಅವರಲ್ಲಿ ಎಲ್ಲರಿಗಿಂತ ಪ್ರಸಿದ್ಧ. ಕ್ರೈಸ್ತರು ಇನ್ನೂ ಮೊದಲೇ ಇಟ್ಟುಕೊಂಡಿದ್ದರು. ಈಜಿಪ್ಟಿನ ಮರುಭೂಮಿಯ ಮಠದಲ್ಲಿ 4ನೆಯ ಶತಮಾನದಲ್ಲಿ ಬಾಳಿದ ಕಪ್ಪುವರ್ಣದ ಸಂತ ಮೋಸೆಸನ ಮೂಲಕ ಹೆಸರು ಹುಟ್ಟಿದ ನೆಲಕ್ಕೇ ಮರಳಿತ್ತು. ಕುರಾನಿನಲ್ಲಿ ಬೇರೆ ಯಾವ ಪ್ರವಾದಿಗಿಂತಲೂ ಹೆಚ್ಚು ಬಾರಿ ಬರುವ ಹೆಸರು ಮೂಸಾ. ಅಲ್ಲಿ ಕೂಸನ್ನು ಉಳಿಸಿಕೊಳ್ಳುವವಳು ಫರೋಹನ ಮಗಳಲ್ಲ, ಹೆಂಡತಿ. ಹೆಸರಿನ ಅರ್ಥದ ಮಾತು ಅಲ್ಲಿ ಬರುವುದಿಲ್ಲ.

ಕರ್ನಾಟಕದಲ್ಲಿ ಈ ದಾರಿಗಳೆಲ್ಲ ಒಟ್ಟಿಗೆ ಬಂದು ಸೇರಿವೆ, ಯಾವುದು ಯಾವ ದಾರಿಯಿಂದ ಬಂತೆಂದು ಧ್ವನಿಯೇ ಹೇಳುತ್ತದೆ. ಕನ್ನಡ ಬೈಬಲಿನ ಮೋಶೆಯಲ್ಲಿ ಹೀಬ್ರೂವಿನ ಆ ಹಳೆಯ ಶಿನ್ ಹಾಗೇ ಉಳಿದಿದೆ. ಚರ್ಚಿನ ದೀಕ್ಷಾಸ್ನಾನದ ದಫ್ತರಿನಲ್ಲಿ ಮೋಸೆಸ್ ಎಂದು ಬರೆಸಿಕೊಂಡವರ ಹೆಸರು ಗ್ರೀಕ್, ಲ್ಯಾಟಿನ್, ಇಂಗ್ಲಿಷ್ ದಾಟಿ ಬಂದದ್ದು. ಮುಸ್ಲಿಂ ಮನೆಗಳ ಮೂಸಾ ಅರಬ್ಬಿಯಿಂದ ಬಂತು. ದಕ್ಷಿಣ ಕನ್ನಡದ ಬ್ಯಾರಿಗಳಲ್ಲಿ ಅದಕ್ಕೆ ಊರಿನದೇ 'ಅಬ್ಬ' ಸೇರಿ ಮೂಸಬ್ಬ ಆಯಿತು. ಅಹ್ಮೋಸ್, ಥುಟ್ಮೋಸ್‌ಗಳಲ್ಲಿ ದೇವರ ಹೆಸರಿಗೆ ಬಾಲವಾಗಿದ್ದ ಪದ ಇಲ್ಲಿ ತಲೆಯಾಗಿದೆ, ಅಬ್ಬ ಅದಕ್ಕೆ ಬಾಲ.